‘ಫಿಶ್ ಟ್ಯಾಂಕ್’ ಚಿತ್ರಕ್ಕೆ ಎರಡೂ ಬದಿ ಕಪ್ಪು ಪಟ್ಟಿ, ಅಗಲಿಸಿದರೆ ಮುಖ ದಪ್ಪ

ನಿಮ್ಮ ಟಿವಿ ಕೆಟ್ಟಿರುವ ಸಾಧ್ಯತೆ ಕಡಿಮೆ. ಆಂಡ್ರಿಯಾ ಆರ್ನಾಲ್ಡ್ ಅವರ 2009ರ ಈ ಚಿತ್ರದ ಚೌಕಟ್ಟೇ ಹಳೆಯ ಟಿವಿಗಳಂತೆ 4:3, ಅಂದರೆ ಅಗಲ ನಾಲ್ಕು ಪಾಲಾದರೆ ಎತ್ತರ ಮೂರು. ನಿಮ್ಮ ಪರದೆ 16:9. ಉಳಿದ ಜಾಗವೇ ಆ ಕಪ್ಪು ಪಟ್ಟಿ. ಅದನ್ನು ತುಂಬಿಸಲು ಚಿತ್ರವನ್ನು ಎಳೆದಿದ್ದರಿಂದ ಮುಖಗಳು ಊದಿಕೊಂಡಿವೆ.

ಮೊದಲು ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಚಿತ್ರದ ಗಾತ್ರವನ್ನು 16:9 ಅಥವಾ ‘ಒರಿಜಿನಲ್’ ಎಂದು ಇಡಿ. ಹೆಸರು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಚಿತ್ರ 4:3 ಎಂದು ಇಲ್ಲಿಯೂ 4:3 ಆರಿಸಬೇಡಿ. ಆ್ಯಪ್‌ಗಳು ಸಾಮಾನ್ಯವಾಗಿ ಪಟ್ಟಿಯನ್ನೂ ಸೇರಿಸಿಯೇ ಕಳುಹಿಸುತ್ತವೆ, ಆಗ ಎಲ್ಲರೂ ಕಡ್ಡಿಯಂತಾಗುತ್ತಾರೆ. ಡಿವಿಡಿಯಾದರೆ ಪ್ಲೇಯರ್‌ನಲ್ಲೂ ಟಿವಿಯ ಆಕಾರ 16:9 ಎಂದಿರಲಿ. ಬಳಿಕ ದೃಶ್ಯದಲ್ಲಿ ಕಾರಿನ ಚಕ್ರವೋ ತಟ್ಟೆಯೋ ಬಂದಾಗ ನಿಲ್ಲಿಸಿ ನೋಡಿ, ದುಂಡಗಿದ್ದರೆ ಸರಿಯಾಯಿತು.

ಝೂಮ್ ಮಾತ್ರ ಬೇಡವೇ ಬೇಡ. ಪರದೆ ತುಂಬುತ್ತದೆ ನಿಜ, ಆದರೆ ಮೇಲೆ ಕೆಳಗೆ ಸೇರಿ ಚಿತ್ರದ ಕಾಲು ಭಾಗ ಹೋಗುತ್ತದೆ. ಚಿತ್ರದ ನಾಯಕಿ, ಹದಿನೈದರ ಮಿಯಾ ಖಾಲಿ ಫ್ಲ್ಯಾಟ್‌ನಲ್ಲಿ ಒಬ್ಬಳೇ ಕುಣಿಯುವಾಗ ಅವಳ ಪಾದವೋ ತಲೆಯೋ ಕತ್ತರಿಸಿಹೋದರೆ ನೋಡುವುದಾದರೂ ಏನನ್ನು? ಅವಳ ಉಸಿರುಗಟ್ಟುವ ಬದುಕಿಗೆ ಈ ಇಕ್ಕಟ್ಟಿನ ಚೌಕಟ್ಟೇ ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ.

ನಾಲ್ಕೂ ಕಡೆ ಪಟ್ಟಿ ಇದ್ದರೆ ಕಾರಣ ಬೇರೆ. ಇನ್ನೊಂದು ಚಿತ್ರ ಹಾಕಿ ನೋಡಿ: ಅಲ್ಲೂ ಹಾಗೆಯೇ ಬಂದರೆ ಟಿವಿ ಅಥವಾ ಪ್ಲೇಯರ್‌ನ ಸೆಟ್ಟಿಂಗ್ ತಪ್ಪಿದೆ, ಬಾರದಿದ್ದರೆ ಬಹುಶಃ ಪ್ರತಿಯದೇ ದೋಷ, ಬೇರೆ ಪ್ರತಿ ಹುಡುಕಿ.