ಸೊಸೆಯ ಮುತ್ತಜ್ಜನ ಹುಡುಕಾಟ

ಪ್ರಶ್ನೆ: ನಮ್ಮ ಸೊಸೆ ಅಮೆರಿಕದ ಓಹಾಯೊದವಳು. ಅವಳ ಮುತ್ತಜ್ಜ 1890ರ ಸುಮಾರಿಗೆ ಅಲ್ಲೇ ಹುಟ್ಟಿದರಂತೆ. ಮೊಮ್ಮಗನಿಗಾಗಿ ಎರಡೂ ಕಡೆಯ ವಂಶವೃಕ್ಷ ಬರೆಯುತ್ತಿದ್ದೇನೆ. ಎಲ್ಲಿ ಹುಡುಕಲಿ?
– ಒಬ್ಬ ಅಜ್ಜಿ, ಶಿರಸಿ

ಉತ್ತರ: ಅಮ್ಮಾ, ಮೊದಲು ಅವರದು ಯಾವ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಅಂತ ಸೊಸೆಯನ್ನು ಕೇಳಿ. ಓಹಾಯೊದಲ್ಲಿ 88 ಇವೆ. 1867ರಿಂದ 1908ರವರೆಗೆ ಅಲ್ಲಿ ಜನನ-ಮರಣ ಬರೆದಿಟ್ಟಿದ್ದು ಆಯಾ ಕೌಂಟಿಯ ಪ್ರೊಬೇಟ್ ಕೋರ್ಟು, ಅಂದರೆ ಉಯಿಲು-ವಾರಸುದಾರಿಕೆ ನೋಡುವ ನ್ಯಾಯಾಲಯ. ಮಗಳ ಮನೆಗೆ ಹೋದಾಗ ಅಂಥದೊಂದು ಪುಟ ನೋಡಿದ್ದೆ. ಮಗುವಿನ ಹೆಸರಿನ ಜಾಗ ಖಾಲಿ. ಪಕ್ಕದಲ್ಲಿ ತಾಯಿಯ ತವರುಮನೆತನದ ಹೆಸರು ಮಾತ್ರ ಕಂದುಬಣ್ಣಕ್ಕೆ ತಿರುಗಿದ ಶಾಯಿಯಲ್ಲಿ ಸ್ಪಷ್ಟವಾಗಿತ್ತು. ನನಗೆ ಕಣ್ಣು ತುಂಬಿ ಬಂತು. ಹಾಗಾಗಿ ಮುತ್ತಜ್ಜನ ಹೆಸರು ಸಿಗದಿದ್ದರೆ ಕೈಚೆಲ್ಲಬೇಡಿ, ತಂದೆತಾಯಿಯ ಹೆಸರಿನಿಂದ ಹುಡುಕಿ. 1890ರ ಜನಗಣತಿಯ ಹಾಳೆಗಳು ಬಹುಪಾಲು 1921ರ ಬೆಂಕಿಗೆ ಸಿಕ್ಕಿ ಹಾಳಾದವು. 1900ರದ್ದು ನೋಡಿ, ಅದರಲ್ಲಿ ಹುಟ್ಟಿದ ತಿಂಗಳೂ ಇರುತ್ತದೆ.