ಬೆಂಕಿ ಕೊನೆಗಿರಲಿ, ನೀರಿನಿಂದ ಶುರು ಮಾಡಿ

ಓದುಗರ ಪತ್ರ: ಸೇಡಂ ತಾಲ್ಲೂಕಿನ ಪ್ರೌಢಶಾಲೆಯ ಶಿಕ್ಷಕರೊಬ್ಬರು ಎಂಟು, ಒಂಬತ್ತನೇ ತರಗತಿಯ 24 ಮಕ್ಕಳನ್ನು ಡಿಸೆಂಬರಿನಲ್ಲಿ ಎರಡು ರಾತ್ರಿ ಚಿಂಚೋಳಿ ಕಾಡಿಗೆ ಕರೆದೊಯ್ಯಬೇಕೆಂದಿದ್ದಾರೆ. ಕಾಡಿನಲ್ಲಿ ಸಿಕ್ಕಿಕೊಂಡರೆ ಬದುಕಿ ಬರುವ ವಿದ್ಯೆ ಕಲಿಸುವುದು ಉದ್ದೇಶ. ಮೊದಲು ಚಕಮಕಿಯಿಂದ ಬೆಂಕಿ, ಆಮೇಲೆ ಗೆಡ್ಡೆ, ಹಣ್ಣು ಹುಡುಕುವುದು, ಹಾವು ಗುರುತಿಸುವುದು, ಕೊನೆಗೆ ದಿಕ್ಕು. ಈ ಕ್ರಮ ಸರಿಯೇ, ಪಾಲಕರಿಗೆ ಏನು ಹೇಳಲಿ ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ಗುರುಗಳೇ, ನಿಮ್ಮ ಆಲೋಚನೆ ತುಂಬ ಒಳ್ಳೆಯದು, ಬಿಡಬೇಡಿ. ಆದರೆ ಕ್ರಮ ತಿರುವಿ ಹಾಕಬೇಕು. ಬೆಂಕಿ, ಗೆಡ್ಡೆಗೆ ಮೊದಲ ಸ್ಥಾನ ಕೊಡುವ ಪಾಠ ಚಳಿ ದೇಶಗಳದ್ದು. ನಮ್ಮ ಸೀಮೆಯಲ್ಲಿ ದಾರಿ ತಪ್ಪಿದವರನ್ನು ಮೊದಲು ಕಾಡುವುದು ನೀರಡಿಕೆ ಮತ್ತು ಬಿಸಿಲು. ಎರಡು ದಿನ ಉಪವಾಸವಿದ್ದ ಮಗು ಸೊರಗೀತು, ಸಾಯುವುದಿಲ್ಲ. ಬಿಸಿಲಲ್ಲಿ ನೀರಿಲ್ಲದೆ ಅಲೆದರೆ ಒಂದೇ ದಿನಕ್ಕೆ ಜೀವಕ್ಕೆ ಬರುತ್ತದೆ. ಹಾಗಾಗಿ ನೀರು, ಕೂತಲ್ಲೇ ಕೂರುವುದು, ರಾತ್ರಿಯ ಹಾಸಿಗೆ, ದಿಕ್ಕು, ಎಲ್ಲ ಆದ ಮೇಲೆ ಬೆಂಕಿ.

ನೀರಿನ ಲೆಕ್ಕ ಮಕ್ಕಳಿಂದಲೇ ಹಾಕಿಸಿ. 24 ಮಕ್ಕಳು, ನಾಲ್ವರು ಹಿರಿಯರು, ನಡೆದಾಡುವ ದಿನ ಕುಡಿಯಲು ತಲಾ 4 ಲೀಟರ್ ಎಂದರೆ 112 ಲೀಟರ್. ಅಡುಗೆ, ಪಾತ್ರೆ, ಕೈಕಾಲಿಗೆ ಅದರ ಎರಡು ಪಟ್ಟು ಹಿಡಿಯಿರಿ. ದಿನಕ್ಕೆ 200 ಲೀಟರಿನ ಎರಡು ಡ್ರಮ್ ಬೇಕಾಯಿತು. ಇಷ್ಟನ್ನು ಊರಿಂದಲೇ ಒಯ್ಯಿರಿ. ಹಳ್ಳದ ನೀರು ಶುದ್ಧ ಮಾಡುವುದು ಪಾಠಕ್ಕೆ ಮಾತ್ರ ಇರಲಿ. ರಾಡಿ ನೀರನ್ನು ಕೊಡದಲ್ಲಿ ತಿಳಿಯಾಗಲು ಬಿಟ್ಟು, ನಾಲ್ಕು ಮಡಿಕೆ ಹತ್ತಿಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಪೂರ್ತಿ ಕುದಿಸಬೇಕು. ಕ್ಲೋರಿನ್ ಮಾತ್ರೆಯಾದರೆ ಪೊಟ್ಟಣದ ಮೇಲಿನ ಪ್ರಮಾಣ ಹಾಕಿ ಅರ್ಧ ಗಂಟೆ ಕಾಯಬೇಕು. ನೀರು ರಾಡಿಯಾಗಿದ್ದರೆ ಕ್ಲೋರಿನ್ ಆ ಕೆಸರಿನ ಮೇಲೇ ಖರ್ಚಾಗಿ ರೋಗಾಣು ಉಳಿಯುತ್ತವೆ, ಅದಕ್ಕೇ ಸೋಸುವುದು ಮೊದಲು. ಒಂದು ಮಾತು ಒತ್ತಿ ಹೇಳಿ: ಕುದಿಸಿದರೆ ರೋಗಾಣು ಸಾಯುತ್ತವೆ, ವಿಷ ಹೋಗುವುದಿಲ್ಲ. ತೊಗರಿಗೆ ಕೀಟನಾಶಕ ಹೊಡೆಯುವುದು ಹೂವು, ಕಾಯಿ ಕಟ್ಟುವ ಕಾಲದಲ್ಲೇ. ಹೊಲದಿಂದ ಬಸಿದು ಬಂದ ಹಳ್ಳದ ನೀರನ್ನು ಎಷ್ಟು ಕುದಿಸಿದರೂ ಕುಡಿಯಬಾರದು.

ಮೂತ್ರ ಕಡು ಹಳದಿಯಾದರೆ ನೀರು ಸಾಲದು ಎಂದು ಮಕ್ಕಳಿಗೆ ಗೊತ್ತಿರಲಿ. ಬೇಧಿಯಾದರೆ ಒಂದು ಲೀಟರ್ ಶುದ್ಧ ನೀರಿಗೆ ಸಪಾಟಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ, ಕೈಯಳತೆ ಬೇಡ. ಬಿಸಿಲಿಗೆ ಮಗು ತೊದಲಿದರೆ, ಏನೇನೋ ಮಾತಾಡಿದರೆ, ಮೊದಲು ನೆರಳಿಗೆ ತಂದು ಮೈಮೇಲೆ ನೀರು ಸುರಿದು ಗಾಳಿ ಬೀಸಿ, ಜೊತೆಜೊತೆಗೇ 108ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ದಾರಿ ತಪ್ಪಿದಾಗಿನ ಪಾಠ ಚಿಕ್ಕದು, ಅಭ್ಯಾಸ ಮಾತ್ರ ಬಹಳ ಬೇಕು. ತಪ್ಪಿತೆಂದು ಅನಿಸಿದ ಜಾಗದಲ್ಲೇ ಹತ್ತಿರದ ನೆರಳಿನ ಮರಕ್ಕೆ ಒರಗಿ ಕೂರಬೇಕು. ನಡೆದಷ್ಟೂ ಹುಡುಕುವ ಪ್ರದೇಶ ದೊಡ್ಡದಾಗುತ್ತದೆ. ಪ್ರತಿ ಮಗುವಿನ ಕೊರಳಲ್ಲಿ ಪ್ಲಾಸ್ಟಿಕ್ ಸೀಟಿ ಇರಲಿ, ಒಳಗೆ ಗುಂಡು ಇಲ್ಲದ್ದು. ಗುಂಡಿನ ಸೀಟಿ ಮಣ್ಣು, ನೀರು ಸೇರಿದರೆ ಕಟ್ಟಿಕೊಳ್ಳುತ್ತದೆ. ಮೂರು ಸಲ ಊದು, ಒಂದು ನಿಮಿಷ ಕಿವಿಗೊಡು, ಮತ್ತೆ ಮೂರು ಸಲ. ಮಕ್ಕಳು ತಪ್ಪುವುದು ಎಲ್ಲಿ ಗೊತ್ತೇ? ದೂರದಲ್ಲಿ ಉತ್ತರ ಕೇಳಿದ ಕೂಡಲೇ ಊದುವುದು ನಿಲ್ಲಿಸಿ ದನಿ ಬಂದ ಕಡೆ ಓಡುತ್ತಾರೆ. ಕಲ್ಲಿನ ಹಳ್ಳಗಳಲ್ಲಿ ದನಿ ಎಲ್ಲಿಂದಲೋ ಹೊರಳಿ ಬರುತ್ತದೆ. ಮನುಷ್ಯ ಕಣ್ಣಿಗೆ ಬೀಳುವವರೆಗೂ ಕೂತೇ ಊದಬೇಕು. ಶಾಲೆಯ ಮೈದಾನದಲ್ಲೇ ಇದನ್ನು ಆಡಿಸಿ ನೋಡಿ.

ಹಾವು ಗುರುತಿಸುವ ಪಾಠ ಬಿಟ್ಟುಬಿಡಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ನಾಲ್ಕಕ್ಕೂ ಆಸ್ಪತ್ರೆಯಲ್ಲಿ ಕೊಡುವ ಔಷಧ ಒಂದೇ. ಹಾವನ್ನು ಹಿಡಿದು ತರುವ ಹಟದಲ್ಲಿ ಇನ್ನೊಬ್ಬರಿಗೆ ಕಚ್ಚಿಸುವುದಷ್ಟೇ ಲಾಭ. ಬದಲಿಗೆ ಹಾಸಿಗೆ ಹಾಸುವುದನ್ನು ಕಲಿಸಿ. ಕಟ್ಟುಹಾವು ಕಚ್ಚುವುದು ಬಹುಪಾಲು ರಾತ್ರಿ, ನೆಲದಲ್ಲಿ ಮಲಗಿದವರಿಗೆ. ನೋವೇ ಇರುವುದಿಲ್ಲ, ಗುರುತೂ ಕಾಣದು. ನಸುಕಿಗೆ ಹೊಟ್ಟೆನೋವು ಎನ್ನುತ್ತಾರೆ, ರೆಪ್ಪೆ ಜೋತು ಬೀಳುತ್ತವೆ. ಇದನ್ನು ತಡೆಯುವುದು ಸೊಳ್ಳೆಪರದೆ. ಅದನ್ನು ಸುಮ್ಮನೆ ಇಳಿಬಿಟ್ಟರೆ ಪ್ರಯೋಜನವಿಲ್ಲ. ನಾಲ್ಕೂ ಬದಿಯ ಅಂಚನ್ನು ಒಂದು ಗೇಣು ಹಾಸಿಗೆಯ ಅಡಿಗೆ ಸಿಕ್ಕಿಸಬೇಕು, ಒಳಗೆ ಹೋದ ಮೇಲೆ ಹೊಕ್ಕ ಬದಿಯನ್ನು ಒಳಗಿನಿಂದಲೇ ಸಿಕ್ಕಿಸಬೇಕು. ಈ ಕೊನೆಯ ಬದಿಯನ್ನೇ ಮಕ್ಕಳು ಮರೆಯುವುದು, ಹಾಗಾಗಿ ಬ್ಯಾಟರಿ ಹಿಡಿದು ಒಬ್ಬೊಬ್ಬರದೂ ನೋಡಿ. ಕಚ್ಚಿದರೆ ಬಿಗಿ ಕಟ್ಟಬಾರದು, ಕೊಯ್ಯಬಾರದು, ಹೀರಬಾರದು. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆದು, ಮೂಳೆ ಮುರಿದಾಗ ಕಟ್ಟುವಂತೆ ಕೋಲು ಇಟ್ಟು ಸಡಿಲಾಗಿ ಕಟ್ಟಿ, ನಡೆಸದೆ ಎತ್ತಿ ಒಯ್ಯಬೇಕು. ಚಿಂಚೋಳಿ ತಾಲ್ಲೂಕು ಆಸ್ಪತ್ರೆಯಲ್ಲಿ ಔಷಧ ದಾಸ್ತಾನು ಇದೆಯೇ ಎಂದು ಹೊರಡುವ ಮುಂಚೆ ವಿಚಾರಿಸಿಕೊಳ್ಳಿ.

ಗೆಡ್ಡೆ ಹುಡುಕುವುದೂ ಬೇಡ. ಮಕ್ಕಳಿಗೆ ಮೊದಲೇ ಪರಿಚಯವಿರುವ ಬಾರಿಹಣ್ಣು, ಸೀತಾಫಲ ಸಾಕು. ಗುಲಗಂಜಿ, ಔಡಲ, ಕಾಡು ಔಡಲ, ದತ್ತೂರಿ ಇವುಗಳ ಬೀಜವನ್ನು ಕೈಗೆ ಕೊಡದೆ ತೋರಿಸಿ, ಇದು ವಿಷ ಎಂದು ಕಲಿಸಿ.

ದಿಕ್ಕಿನ ಪಾಠ ನಿಜಕ್ಕೂ ಸೊಗಸು, ಇದಕ್ಕೆ ಒಂದು ಇಡೀ ಮಧ್ಯಾಹ್ನ ಕೊಡಿ. ಒಂದು ಮೀಟರ್ ಕೋಲನ್ನು ಸಪಾಟು ನೆಲದಲ್ಲಿ ನೆಟ್ಟಗೆ ನೆಟ್ಟು, ನೆರಳಿನ ತುದಿಗೆ ಕಲ್ಲಿಡಿ. ಅರ್ಧ ಗಂಟೆ ಬಿಟ್ಟು ಮತ್ತೊಂದು ಕಲ್ಲು. ಮೊದಲ ಕಲ್ಲು ಪಶ್ಚಿಮ, ಎರಡನೆಯದು ಪೂರ್ವ. ಬೆಳಿಗ್ಗೆ ಎಂಟಕ್ಕೋ ಸಂಜೆ ಐದಕ್ಕೋ ಮಾಡಿದರೆ ಗೆರೆ ಸಾಕಷ್ಟು ಓರೆಯಾಗುತ್ತದೆ. 11ರಿಂದ 1:30ರ ನಡುವೆ ಮಾಡಿ. ನಮ್ಮಲ್ಲಿ ಡಿಸೆಂಬರಿನ ನಡುಹಗಲು ಗಡಿಯಾರದ 12ಕ್ಕಲ್ಲ, ಸುಮಾರು 12:15ರ ಆಚೆ. ಆಗ ನೆರಳು ಉತ್ತರಕ್ಕೆ ಬೀಳುತ್ತದೆ. ಆದರೆ ಕಲಬುರಗಿ ಇರುವುದು 17 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಮೇ ಎರಡನೇ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕಿರುತ್ತಾನೆ, ನಡುಹಗಲಿನ ಗಿಡ್ಡ ನೆರಳು ದಕ್ಷಿಣಕ್ಕೆ ಬೀಳುತ್ತದೆ. ನಡುಹಗಲ ನೆರಳು ಯಾವಾಗಲೂ ಉತ್ತರಕ್ಕೆ ಎಂದು ಬಾಯಿಪಾಠ ಮಾಡಿಸಿದರೆ ಬೇಸಿಗೆಯಲ್ಲಿ ಮಗು ಉಲ್ಟಾ ಹೋಗುತ್ತದೆ. ಧ್ರುವ ನಕ್ಷತ್ರವೂ ಇಲ್ಲಿ ದಿಗಂತದಿಂದ 17 ಡಿಗ್ರಿ ಮಾತ್ರ ಮೇಲೆ. ಕೈ ಚಾಚಿ ಹಿಡಿದ ಎರಡು ಮುಷ್ಟಿಗಿಂತ ಕಡಿಮೆ. ಗುಡ್ಡ, ಮರ ಅಡ್ಡ ಬಾರದ ಬಯಲು ಬೇಕು. ಡಿಸೆಂಬರಿನ ಸಂಜೆ ಸಪ್ತರ್ಷಿ ಮಂಡಲ ಕಾಣುವುದಿಲ್ಲ, ನಸುಕಿನ ಐದಕ್ಕೆ ಎಬ್ಬಿಸಿ ತೋರಿಸಿ.

ಇನ್ನು ಬೆಂಕಿ. ಚಿಂಚೋಳಿ ಕಾಡು 2011ರಿಂದ ವನ್ಯಜೀವಿ ಅಭಯಾರಣ್ಯ. ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು, ಕಾಡಿಗೆ ಅಪಾಯವಾಗುವಂತೆ ಬೆಂಕಿ ಹಚ್ಚುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಎಲೆ ಉದುರುವ ಒಣ ಕಾಡು ಅದು, ಒಂದು ಕಿಡಿಗೆ ತೋಳ, ಕತ್ತೆಕಿರುಬಗಳ ನೆಲೆ ಸುಟ್ಟುಹೋದೀತು. ಆದ್ದರಿಂದ ಹಗಲು ಅರಣ್ಯ ಸಿಬ್ಬಂದಿ ಜೊತೆ ಕಾಡಿನೊಳಗೆ, ರಾತ್ರಿ ಮತ್ತು ಬೆಂಕಿ ಪಾಠ ಗಡಿಯಾಚೆ, ಒಪ್ಪಿಗೆ ಕೊಟ್ಟ ರೈತರ ಖಾಲಿ ಹೊಲದಲ್ಲಿ. ರಾಶಿಗೆ ಬಂದ ತೊಗರಿ, ಕಣಿಕೆಯ ಬಣವೆ ಹತ್ತಿರವಿರಬಾರದು. ಮೂರು ಮೀಟರ್ ಸುತ್ತಳತೆಯಲ್ಲ, ಮೂರು ಮೀಟರ್ ಅಗಲದ ಜಾಗವನ್ನು ಬರಿ ಮಣ್ಣಾಗುವವರೆಗೆ ಕೆರೆದು, ನಡುವೆ ಒಂದು ಗೇಣು ಗುಂಡಿ ತೋಡಿ. ಎರಡು ಬಕೆಟ್ ನೀರು ಪಕ್ಕಕ್ಕೆ ಬಂದ ಮೇಲೇ ಕಡ್ಡಿ ಗೀರುವುದು. ಹಳ್ಳದ ಕಲ್ಲು ಒಲೆಗೆ ಇಡಬೇಡಿ, ಒಳಗಿನ ತೇವ ಕಾದು ಸಿಡಿಯುತ್ತದೆ. ತೆಂಗಿನ ನಾರಿನ ಮೇಲೆ ಕಡ್ಡಿಯಷ್ಟು, ಆಮೇಲೆ ಪೆನ್ಸಿಲಿನಷ್ಟು, ಕೊನೆಗೆ ಹೆಬ್ಬೆರಳ ದಪ್ಪದ ತೊಗರಿ ಕಟ್ಟಿಗೆ. ಮುರಿದರೆ ಚಟ್ಟನೆ ಸದ್ದಾಗಬೇಕು, ಬಾಗಿದರೆ ಹಸಿ. ಹತ್ತಿದ್ದು ಆರಿಹೋಗುವುದು ಬಹುತೇಕ ಆತುರದಿಂದ ದಪ್ಪ ಕಟ್ಟಿಗೆ ಹೇರಿ ಗಾಳಿ ಕಟ್ಟಿದಾಗ. ನೈಲಾನ್ ಟ್ರ್ಯಾಕ್‌ಸೂಟ್ ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ, ಅಂದು ಎಲ್ಲರೂ ಹತ್ತಿ ಬಟ್ಟೆ ಹಾಕಲಿ. ಆರಿಸುವಾಗ ನೀರು ಹಾಕಿ, ಕೆದಕಿ, ಮತ್ತೆ ನೀರು ಹಾಕಿ, ಮುಂಗೈ ಹಿಂಬದಿಯಿಂದ ಬೂದಿಯ ಬಿಸಿ ನೋಡಬೇಕು.

ಪಾಲಕರ ಸಭೆಯಲ್ಲಿ ಈ ಕ್ರಮವನ್ನೇ ಹಾಳೆಯಲ್ಲಿ ಬರೆದು ಕೊಡಿ: ಎಲ್ಲಿ ಮಲಗುತ್ತಾರೆ, ನೀರು ಎಷ್ಟು, ಆಸ್ಪತ್ರೆ ಎಷ್ಟು ದೂರ, ಯಾವ ಗಾಡಿ ರಾತ್ರಿಯಿಡೀ ಅಲ್ಲೇ ನಿಂತಿರುತ್ತದೆ. ಆ ಹಾಳೆಯ ಕೆಳಗೆ ಮಗುವಿನ ಉಬ್ಬಸ, ಫಿಟ್ಸ್, ಒಗ್ಗದ ಔಷಧ, ದಿನಾ ನುಂಗುವ ಮಾತ್ರೆ ಇವನ್ನು ಬರೆಸಿಕೊಂಡು ಸಹಿ ತೆಗೆದುಕೊಳ್ಳಿ. ಒಂದು ಪ್ರತಿ ಗಾಡಿಯಲ್ಲಿರಲಿ, ಇನ್ನೊಂದು ಶಾಲೆಯಲ್ಲಿ.