ಪ್ರತಿಕ್ರಿಯೆ: ಏಳು ತಿಂಗಳು ಉಳಿಸಿಕೊಂಡವಳನ್ನು ಮೇರಿ ಕೊಲ್ಲಿಸಿದ್ದೇಕೆ?

ಒಂಬತ್ತು ದಿನ ಇಂಗ್ಲೆಂಡಿನ ರಾಣಿ ಅನ್ನಿಸಿಕೊಂಡು 1553ರ ಜುಲೈಯಲ್ಲೇ ಸೆರೆಸಿಕ್ಕ ಜೇನ್ ಗ್ರೇಯನ್ನು, ಅವಳ ಬದಲು ಪಟ್ಟಕ್ಕೆ ಬಂದ ರಾಣಿ ಮೇರಿ ಏಳು ತಿಂಗಳು ಬಿಟ್ಟು ಆಮೇಲೆ ಕೊಲ್ಲಿಸಿದ್ದು ಯಾಕೆ ಅಂತ ಕೇಳಿದ್ದೀರಿ. ಧರ್ಮದ್ವೇಷ ಅಂದರೆ ಅರ್ಧ ಉತ್ತರವಷ್ಟೇ. ರಾಜದ್ರೋಹದ ತೀರ್ಪು ನವೆಂಬರ್ 13ರಂದೇ ಲಂಡನ್ನಿನ ಪುರಭವನ ಗಿಲ್ಡ್‌ಹಾಲ್‌ನಲ್ಲಿ ಬಂದಿತ್ತು. ಮೇರಿ ಅದನ್ನು ಜಾರಿ ಮಾಡದೆ ಇಟ್ಟುಕೊಂಡಿದ್ದಳು.

ಕೆಲಸ ಕೆಡಿಸಿದ್ದು ಜೇನ್‌ಳ ಅಪ್ಪನೇ. ಸ್ಪೇನಿನ ಫಿಲಿಪ್ ಜತೆ ಮೇರಿಯ ಮದುವೆ ಬೇಡವೆಂದು ಥಾಮಸ್ ವಯಟ್ ಎಂಬ ಸಿರಿವಂತ ದಂಗೆ ಎದ್ದಾಗ, ಒಮ್ಮೆ ಕ್ಷಮೆ ಪಡೆದಿದ್ದ ಈ ಅಪ್ಪ, ಸಫೋಕ್ ಡ್ಯೂಕ್, ಅವನ ಜತೆ ಕೈಜೋಡಿಸಿದ. 1554ರ ಫೆಬ್ರವರಿ 7ರಂದು ವಯಟ್ ಲಂಡನ್ನಿನ ಲಡ್‌ಗೇಟ್ ಬಾಗಿಲಿಗೇ ಬಂದ. ಕ್ಯಾಥೊಲಿಕ್ ರಾಣಿಯ ಮಟ್ಟಿಗೆ ಪ್ರಾಟೆಸ್ಟೆಂಟ್ ಜೇನ್ ಸೆರೆಯಲ್ಲಿದ್ದರೂ ಮುಂದಿನ ದಂಗೆಗೆ ಸಿದ್ಧ ಬಾವುಟ. ಹಳೆಯ ತೀರ್ಪೇ ಇದ್ದುದರಿಂದ ಹೊಸ ವಿಚಾರಣೆಯೂ ಬೇಕಿರಲಿಲ್ಲ. ಮೇರಿಯ ಮಲತಂಗಿ ಎಲಿಜಬೆತ್ ಬದುಕುಳಿದದ್ದು ಈ ವ್ಯತ್ಯಾಸದಿಂದಲೇ: ದಂಗೆಯ ಶಂಕೆಯ ಮೇಲೆ ಅವಳನ್ನೂ ಲಂಡನ್ನಿನ ಕೋಟೆ-ಸೆರೆಮನೆ ಟವರ್‌ಗೆ ಹಾಕಿದರು, ಆದರೆ ಸಾಕ್ಷಿ ಸಾಲಲಿಲ್ಲ.

ಜೇನ್‌ಳ ಮತ ಬದಲಿಸಲೆಂದು ಕ್ಯಾಥೊಲಿಕ್ ಪಾದ್ರಿ ಫೆಕೆನ್‌ಹ್ಯಾಮ್‌ನನ್ನು ಕಳಿಸಿ ಮರಣದಂಡನೆಯನ್ನು ಮೂರು ದಿನ ಮುಂದೂಡಿದರು, ಜೇನ್ ಬಗ್ಗಲಿಲ್ಲ. ಬಗ್ಗಿದ್ದರೆ ಬದುಕುತ್ತಿದ್ದಳೇ? ನನಗೆ ಅನುಮಾನ. ಅವಳನ್ನು ಪಟ್ಟಕ್ಕೇರಿಸಿದ್ದ ಮಾವ ನಾರ್ತಂಬರ್ಲೆಂಡ್ ಡ್ಯೂಕ್ ಕೊನೆಗೆ ಕ್ಯಾಥೊಲಿಕ್ ಮತಕ್ಕೆ ಮರಳಿದರೂ ತಲೆ ಕಳಕೊಂಡಿದ್ದ.

ಫೆಬ್ರವರಿ 12ರಂದು ಟವರ್ ಅಂಗಳದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಜೇನ್ ತಲೆ ಇಡಬೇಕಾದ ಕೊರಡು ಸಿಗದೆ ಕೈಯಿಂದ ತಡಕಾಡಿದಳು. ಪಕ್ಕದಲ್ಲಿದ್ದವರು ದಾರಿ ತೋರಿಸಬೇಕಾಯಿತು. ಅಪ್ಪನ ಸರದಿ 23ಕ್ಕೆ.